ಹೃದಯ ಶಸ್ತ್ರಚಿಕಿತ್ಸೆ: ಯಾವ ದ್ರವ, ಎಷ್ಟು, ಏಕೆ?



ಕಳೆದ ಸಂಚಿಕೆಯಲ್ಲಿ ವೈದ್ಯಕೀಯ ನೆರವು ನಿಧಿಯ ಲೆಕ್ಕಪತ್ರ ಪ್ರಕಟವಾದ ವಾರದಲ್ಲೇ ಹಿರಿಯ ದಾನಿಗಳೊಬ್ಬರು ಫೋನ್ ಮಾಡಿದರು. ಹೃದಯದ ಆಪರೇಷನ್ ಆದ ಸದಸ್ಯರೊಬ್ಬರ ಬಿಲ್ಲಿನ ನಕಲನ್ನು ಅವರು ಸಂಘದ ಕಚೇರಿಯಲ್ಲಿ ನೋಡಿದ್ದರು. "ಏನ್ರೀ ಇದು, ಗ್ಲೂಕೋಸ್ ಬಾಟ್ಲಿಗೇ ಇಷ್ಟೊಂದು ದುಡ್ಡೆ? ನಾವು ಕೊಡೋದು ಆಪರೇಷನ್‌ಗೆ ಅಂತ ಅಲ್ವೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಫೋನಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ.

ನಾನು ಬಿ.ಕಾಂ. ಓದಿದವನು, ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಡ್ಜರು ನೋಡಿದವನು. ಡಾಕ್ಟರಲ್ಲ. ನಮ್ಮ ಉಪಸಮಿತಿಯಲ್ಲಿರುವ ಇಬ್ಬರು ವೈದ್ಯರು ಈ ಬರಹವನ್ನು ಓದಿ, ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟಿದ್ದಾರೆ. ಆದರೂ ಇದನ್ನು ಓದಿ ಯಾರೂ ಐಸಿಯು ಬಾಗಿಲಲ್ಲಿ ನಿಂತು ಡಾಕ್ಟರಿಗೆ ಪಾಠ ಹೇಳಬಾರದೆಂದು ವಿನಂತಿ.

ಮೊದಲು ‘ಗ್ಲೂಕೋಸ್’ ಎಂಬ ಮಾತನ್ನು ನೋಡೋಣ. ಕಂಬಕ್ಕೆ ತೂಗುಹಾಕಿದ ಯಾವ ಬಾಟಲಿಯನ್ನು ಕಂಡರೂ ನಾವು "ಗ್ಲೂಕೋಸ್ ಏರಿಸ್ತಾ ಇದಾರೆ" ಎನ್ನುತ್ತೇವೆ. ತಮಾಷೆಯೆಂದರೆ ಹೃದಯದ ಆಪರೇಷನ್ನಿನಲ್ಲಿ ರಕ್ತದೊತ್ತಡ ಬಿದ್ದಾಗ ಕೊಡದೇ ಇರುವ ದ್ರವವೆಂದರೆ ಅದೇ. ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲಿರುವ ಸಕ್ಕರೆಯನ್ನು ದೇಹ ಬೇಗನೆ ಬಳಸಿಕೊಂಡುಬಿಡುತ್ತದೆ. ಮಿಕ್ಕಿದ್ದು ಬರೀ ನೀರು. ಅದು ರಕ್ತನಾಳದಲ್ಲಿ ನಿಲ್ಲದೆ ಮೈಯ ಎಲ್ಲ ಜೀವಕೋಶಗಳಿಗೂ ಹಂಚಿಹೋಗುತ್ತದೆ, ಮಿದುಳಿನ ಕೋಶಗಳಿಗೂ. ಆದ್ದರಿಂದ ಒತ್ತಡ ಏರಿಸಲು ಅದು ಕೆಲಸಕ್ಕೆ ಬಾರದು.

ಹಾಗಾದರೆ ಕೊಡುವುದು ಏನನ್ನು? ಬಾಟಲಿಗಳಲ್ಲಿ ಎರಡು ಜಾತಿ. ಒಂದು ಲವಣದ ದ್ರವಗಳು: ನಾರ್ಮಲ್ ಸಲೈನ್, ರಿಂಗರ್ ಲ್ಯಾಕ್ಟೇಟ್, ಪ್ಲಾಸ್ಮಾಲೈಟ್. ಇನ್ನೊಂದು ದೊಡ್ಡ ಅಣುಗಳಿರುವ, ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ತಯಾರಿಸಿದ ದ್ರವಗಳು: ಆಲ್ಬುಮಿನ್, ಜೆಲಾಟಿನ್, ಪಿಷ್ಟದಿಂದ ಮಾಡಿದ ಸ್ಟಾರ್ಚ್. ಮೊದಲನೆಯ ಜಾತಿಯ ಬಾಟಲಿಗಳು ಹೆಚ್ಚೆಂದರೆ ನೂರರ ಲೆಕ್ಕದಲ್ಲಿ ಸಿಗುತ್ತವೆ. ಶೇ. 20ರ ಆಲ್ಬುಮಿನ್ನಿನ 100 ಮಿಲಿಲೀಟರಿನ ಪುಟ್ಟ ಸೀಸೆಯೊಂದು ಸಾವಿರಗಳ ಲೆಕ್ಕದ್ದು. ನಮ್ಮ ದಾನಿಗಳು ಕಂಡ ದೊಡ್ಡ ಮೊತ್ತ ಈ ಎರಡನೆಯದರಿಂದ ಬಂದದ್ದು.

ಲವಣದ ದ್ರವಗಳ ಚರಿತ್ರೆ ಹಳೆಯದು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಿದ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇರಿಸುವ ಪ್ರಯೋಗ ಮಾಡುತ್ತಿದ್ದರು. ದ್ರಾವಣವನ್ನು ನಲ್ಲಿನೀರಿನಲ್ಲಿ ಕಲಸಿದಾಗ ಹೃದಯ ಚೆನ್ನಾಗಿ ಬಡಿಯಿತು. ಭಟ್ಟಿಯಿಳಿಸಿದ ಶುದ್ಧ ನೀರಿನಲ್ಲಿ ಕಲಸಿದಾಗ ನಿಂತುಹೋಯಿತು. ನಲ್ಲಿನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯದ ಬಡಿತಕ್ಕೆ ಬೇಕೇ ಬೇಕೆಂಬುದು ಹಾಗೆ ಗೊತ್ತಾಯಿತು. ಮುಂದೆ 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಆಸ್ಪತ್ರೆಯಲ್ಲಿ ‘ಆರ್.ಎಲ್.’ ಎಂದು ಕೂಗುವ ಬಾಟಲಿ ಅದೇ.

ಸಲೈನಿಗೂ ಆರ್.ಎಲ್.ಗೂ ಏನು ವ್ಯತ್ಯಾಸವೆಂದು ಕೇಳಿದಾಗ ನಮ್ಮ ವೈದ್ಯರು ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದರು: ಪ್ರತಿ ಬಾಟಲಿಯೂ ಒಂದು ಟ್ರಯಲ್ ಬ್ಯಾಲೆನ್ಸ್. ಧನ ವಿದ್ಯುತ್ತಿನ ಲವಣಾಂಶಗಳ ಮೊತ್ತವೂ ಋಣ ವಿದ್ಯುತ್ತಿನವುಗಳ ಮೊತ್ತವೂ ತಾಳೆಯಾಗಲೇಬೇಕು. ಅಳತೆಗೆ ಮಿಲಿಈಕ್ವಿವಲೆಂಟ್ ಎಂಬ ಘಟಕವಿದೆ. ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ 9 ಗ್ರಾಂ ಉಪ್ಪು. ಸೋಡಿಯಂ 154, ಕ್ಲೋರೈಡ್ 154, ಲೆಕ್ಕ ಸರಿಹೋಯಿತು. ಆರ್.ಎಲ್.ನಲ್ಲಿ ಒಂದು ಕಡೆ ಸೋಡಿಯಂ 130, ಪೊಟ್ಯಾಸಿಯಂ 4, ಕ್ಯಾಲ್ಸಿಯಂ 3, ಒಟ್ಟು 137. ಇನ್ನೊಂದು ಕಡೆ ಕ್ಲೋರೈಡ್ 109, ಲ್ಯಾಕ್ಟೇಟ್ 28, ಅದೂ 137. ನಾನು ಕಾಗದದ ಮೇಲೆ ಕೂಡಿ ನೋಡಿದೆ. ಇಷ್ಟು ಚೊಕ್ಕವಾಗಿ ತಾಳೆಯಾಗುವ ಬ್ಯಾಲೆನ್ಸ್ ಷೀಟನ್ನು ನಾನು ಶಾಖೆಯಲ್ಲಿ ಅಪರೂಪಕ್ಕೆ ಕಂಡಿದ್ದೇನೆ.

ಈಗ ನಮ್ಮ ರಕ್ತದ ಲೆಕ್ಕ ನೋಡಿ. ಅದರಲ್ಲಿ ಸೋಡಿಯಂ ಸುಮಾರು 140 ಇದ್ದರೆ ಕ್ಲೋರೈಡ್ ಸುಮಾರು 100 ಮಾತ್ರ. ನಡುವಿನ ಅಂತರವನ್ನು ಮುಖ್ಯವಾಗಿ ತುಂಬುವುದು ಬೈಕಾರ್ಬನೇಟ್ ಮತ್ತು ಪ್ರೋಟೀನು. ಲೀಟರುಗಟ್ಟಲೆ ಸಲೈನ್ ಕೊಟ್ಟರೆ ಕ್ಲೋರೈಡ್ ಏರುತ್ತದೆ, ಬೈಕಾರ್ಬನೇಟ್ ಇಳಿಯುತ್ತದೆ, ರಕ್ತ ಆಮ್ಲದ ಕಡೆಗೆ ವಾಲುತ್ತದೆ, ಮೂತ್ರಪಿಂಡಕ್ಕೂ ಹೊರೆ. ಆರ್.ಎಲ್.ನ ಲ್ಯಾಕ್ಟೇಟನ್ನಾದರೋ ಯಕೃತ್ತು ಬೈಕಾರ್ಬನೇಟಾಗಿ ಬದಲಿಸಿಕೊಳ್ಳುತ್ತದೆ. ಪ್ಲಾಸ್ಮಾಲೈಟಿನಲ್ಲಿ ಆ ಕೆಲಸಕ್ಕೆ ಅಸಿಟೇಟ್ ಮತ್ತು ಗ್ಲೂಕೊನೇಟ್ ಇವೆ, ಕ್ಲೋರೈಡ್ 98 ಮಾತ್ರ.

ಹೀಗಿದ್ದಮೇಲೆ ಸಲೈನನ್ನು ಬಿಟ್ಟೇಬಿಡಬಹುದಲ್ಲ ಎನಿಸುತ್ತದೆ. ಅಷ್ಟು ಸುಲಭವಲ್ಲ. ಅಮೆರಿಕದಲ್ಲಿ ಸುಮಾರು 15,800 ಐಸಿಯು ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಮತೋಲಿತ ದ್ರವ ಪಡೆದವರಿಗೆ ಸಾವು ಇಲ್ಲವೇ ಮೂತ್ರಪಿಂಡದ ತೊಂದರೆ ತುಸು ಕಡಿಮೆಯಾಗಿತ್ತು: ಶೇ. 15.4 ಇದ್ದದ್ದು ಶೇ. 14.3. ಅನಂತರ 2021ರಲ್ಲಿ ಬ್ರೆಜಿಲ್, 2022ರಲ್ಲಿ ಆಸ್ಟ್ರೇಲಿಯ–ನ್ಯೂಜಿಲೆಂಡ್ ಅಧ್ಯಯನಗಳಲ್ಲಿ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇವೆಲ್ಲ ಬಗೆಬಗೆಯ ಐಸಿಯು ರೋಗಿಗಳ ಅಧ್ಯಯನಗಳು, ಹೃದಯದ ಆಪರೇಷನ್ನಿನವರದ್ದು ಮಾತ್ರವಲ್ಲ. ಆರ್.ಎಲ್. ಅಗ್ಗವೂ ಹೌದು, ರಕ್ತಕ್ಕೆ ಹತ್ತಿರವೂ ಹೌದು. ನಮ್ಮ ಬಿಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಒಂದು ಎಚ್ಚರಿಕೆಯನ್ನು ನರ್ಸುಗಳು ಬಲ್ಲರು: ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ ರಕ್ತದ ಚೀಲ ಹೋಗುವ ನಳಿಕೆಯಲ್ಲೇ ಅದನ್ನು ಬಿಡುವುದಿಲ್ಲ, ಹೆಪ್ಪುಗಟ್ಟೀತೆಂದು.

ಹೃದಯದ ಆಪರೇಷನ್ನಿನಲ್ಲಿ ದ್ರವದ ಪ್ರಶ್ನೆ ಮೂರು ಕಡೆ ಬರುತ್ತದೆ. ಮೊದಲನೆಯದು ಯಂತ್ರದಲ್ಲಿ. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವಾಗ ರಕ್ತವನ್ನು ಹೊರಗಿನ ಹಾರ್ಟ್–ಲಂಗ್ ಮಷೀನ್ ತಿರುಗಿಸುತ್ತದೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅದನ್ನು ಬಳಸಿ ಮೊದಲ ಬಾರಿ ಯಶಸ್ವಿಯಾಗಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿದರು. ಆ ಮಷೀನಿನ ಕೊಳವೆಗಳಲ್ಲಿ ಗಾಳಿ ಇರಕೂಡದು, ಮೊದಲೇ ದ್ರವ ತುಂಬಿಸಿರಬೇಕು. ಆಗೆಲ್ಲ ಅದಕ್ಕೆ ಬಾಟಲಿಗಟ್ಟಲೆ ದಾನಿಗಳ ರಕ್ತವನ್ನೇ ಸುರಿಯುತ್ತಿದ್ದರು. 1960ರ ದಶಕದಿಂದ ಲವಣದ ದ್ರವ ತುಂಬಿಸುವ ರೂಢಿ ಬಂತು. ಈಗ ದೊಡ್ಡವರಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲೀಟರ್. ಮಷೀನ್ ನೋಡಿಕೊಳ್ಳುವ ಪರ್ಫ್ಯೂಷನಿಸ್ಟರು ಅದನ್ನು ‘ಪ್ರೈಮ್’ ಎನ್ನುತ್ತಾರೆ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಎರಡನೆಯದು ಹೃದಯವನ್ನು ನಿಲ್ಲಿಸುವ ದ್ರವ. ಪೊಟ್ಯಾಸಿಯಂ ಹೆಚ್ಚಾಗಿರುವ ದ್ರಾವಣವನ್ನು ಹೃದಯದ ನಾಳಗಳಿಗೆ ಬಿಟ್ಟರೆ ಅದು ಶಾಂತವಾಗಿ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಬಡಿಯುತ್ತದೆ. ಇದರ ಆಯ್ಕೆ ಸರ್ಜನ್ನರಿಗೆ ಬಿಟ್ಟದ್ದು.

ಮೂರನೆಯದು ಐಸಿಯುವಿನ ಮೊದಲ ರಾತ್ರಿ. ಬಿಲ್ ಬೆಳೆಯುವುದೂ ಮನೆಯವರು ಓಡಾಡುವುದೂ ಆಗಲೇ. ಆಪರೇಷನ್ನಿನಲ್ಲಿ ತಂಪಾಗಿದ್ದ ಮೈ ಬೆಚ್ಚಗಾಗುತ್ತಾ ರಕ್ತನಾಳಗಳು ಅಗಲವಾಗುತ್ತವೆ. ಡ್ರೇನಿನಲ್ಲಿ ರಕ್ತ ಬರುತ್ತಿರುತ್ತದೆ, ಮೂತ್ರವೂ ಹೆಚ್ಚು ಹೋಗುತ್ತದೆ. ರಕ್ತವು ಗಂಟೆಗಟ್ಟಲೆ ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿದದ್ದರಿಂದ ನಾಳಗಳ ಗೋಡೆ ಸೋರುವಂತಾಗಿರುತ್ತದೆ. ಒತ್ತಡ ಇಳಿಯುತ್ತದೆ. ದ್ರವ ಕೊಡಬೇಕು, ಸರಿ. ಆದರೆ ಕೊಟ್ಟ ಲವಣದ ದ್ರವದಲ್ಲಿ ನಾಳದೊಳಗೆ ಉಳಿಯುವುದು ಕಾಲುಭಾಗದಷ್ಟೇ ಎಂಬುದು ಪಠ್ಯಪುಸ್ತಕದ ಲೆಕ್ಕ. ಮಿಕ್ಕದ್ದು ಅಂಗಾಂಶಗಳಿಗೆ ಇಳಿದು ಕಾಲು ಊದುತ್ತದೆ, ಶ್ವಾಸಕೋಶ ಒದ್ದೆಯಾಗುತ್ತದೆ, ವೆಂಟಿಲೇಟರ್ ತೆಗೆಯುವುದು ತಡವಾಗುತ್ತದೆ.

ಆದ್ದರಿಂದ ಯಾವ ದ್ರವ ಎಂಬುದಕ್ಕಿಂತ ಎಷ್ಟು ಎಂಬುದು ಮೊದಲ ಪ್ರಶ್ನೆ. ಒಳ್ಳೆಯ ಐಸಿಯುವಿನಲ್ಲಿ 200–250 ಮಿಲಿಲೀಟರ್ ಕೊಟ್ಟು, ಹೃದಯ ಹೆಚ್ಚು ರಕ್ತ ತಳ್ಳಿತೋ ಇಲ್ಲವೋ ನೋಡಿ, ಆಮೇಲೆ ಮುಂದಿನದು. ಅದಕ್ಕೂ ಮೊದಲು ಬಿಟ್ಟಿಯಾಗಿ ಮಾಡಬಹುದಾದ ಪರೀಕ್ಷೆಯೊಂದಿದೆ: ಹಾಸಿಗೆಯನ್ನು ವಾಲಿಸಿ ಕಾಲುಗಳನ್ನು ಮೇಲೆತ್ತುವುದು. ಕಾಲಿನಲ್ಲಿದ್ದ ರೋಗಿಯದೇ ರಕ್ತ ಸುಮಾರು 300 ಮಿಲಿಲೀಟರಿನಷ್ಟು ಹೃದಯದ ಕಡೆ ಹರಿಯುತ್ತದೆ. ಅದರಿಂದ ಪ್ರಯೋಜನ ಕಂಡರೆ ದ್ರವ ಕೊಡಬಹುದು. ಕಾಣದಿದ್ದರೆ ಕಾಲಿಳಿಸಿದರಾಯಿತು, ಸಾಲ ಬಡ್ಡಿಯಿಲ್ಲದೆ ವಾಪಸಾಯಿತು. ಆಗ ಬೇಕಾದದ್ದು ದ್ರವವಲ್ಲ, ನಾಳ ಬಿಗಿಗೊಳಿಸುವ ಅಥವಾ ಹೃದಯಕ್ಕೆ ಬಲ ಕೊಡುವ ಔಷಧಿ.

ಈಗ ದುಬಾರಿ ಬಾಟಲಿಗಳು. ಸೋರುವ ನಾಳದಲ್ಲಿ ನಿಲ್ಲುವಂಥ ದ್ರವ ಬೇಕೆಂಬ ಆಸೆಯಿಂದ ಮೊದಲು ಬಹಳ ಬಳಕೆಗೆ ಬಂದದ್ದು ಮೆಕ್ಕೆಜೋಳ, ಆಲೂಗಡ್ಡೆಯ ಪಿಷ್ಟದಿಂದ ಮಾಡಿದ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್. ಆಲ್ಬುಮಿನ್ನಿಗಿಂತ ಅಗ್ಗ, ಅಷ್ಟೇ ಒಳ್ಳೆಯದು ಎಂಬ ನಂಬಿಕೆ ಹರಡಿತು. ಆ ನಂಬಿಕೆಯ ಹಿಂದೆ ಜರ್ಮನಿಯ ಲುಡ್ವಿಗ್ಸ್‌ಹಾಫೆನ್ನಿನ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರ ಹತ್ತಾರು ಪ್ರಬಂಧಗಳಿದ್ದವು. 2009ರಲ್ಲಿ ಅವರು ಹೃದಯ ಶಸ್ತ್ರಚಿಕಿತ್ಸೆಯ ಮಷೀನಿಗೆ ಆಲ್ಬುಮಿನ್ ತುಂಬಿಸುವುದನ್ನೂ ಸ್ಟಾರ್ಚ್ ತುಂಬಿಸುವುದನ್ನೂ ಹೋಲಿಸಿದ ಪ್ರಬಂಧ ಪ್ರಕಟಿಸಿದರು. ಓದುಗರಲ್ಲಿ ಕೆಲವರಿಗೆ ಅನುಮಾನ ಬಂತು. ಏಕೆಂದರೆ ಅಂಕಿಗಳು ತೀರಾ ಚೊಕ್ಕವಾಗಿದ್ದವು! ನಿಜವಾದ ರೋಗಿಗಳ ಅಂಕಿಗಳಲ್ಲಿ ಇರಬೇಕಾದ ಏರುಪೇರು ಅವುಗಳಲ್ಲಿರಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಪತ್ರಗಳು ಹೋದವು, ವಿಚಾರಣೆಯಾಯಿತು, ನೈತಿಕ ಸಮಿತಿಯ ಒಪ್ಪಿಗೆಯೇ ಇರಲಿಲ್ಲವೆಂದು ತಿಳಿಯಿತು. 2010ರಲ್ಲಿ ಆ ಪ್ರಬಂಧವನ್ನು ಹಿಂತೆಗೆದರು. 2011ರಲ್ಲಿ ಹಲವು ಪತ್ರಿಕೆಗಳ ಸಂಪಾದಕರು ಒಟ್ಟಾಗಿ ಅವರ ಎಂಬತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ತಿರಸ್ಕರಿಸಿದರು.

ಬ್ಯಾಂಕ್ ಇನ್‌ಸ್ಪೆಕ್ಷನ್ ಮಾಡಿದವರಿಗೆ ಇದು ಹೊಸತಲ್ಲ. ಒಂದೇ ಕೈಬರಹ, ಒಂದೇ ಶಾಯಿ, ಒಂದೂ ತಿದ್ದುಪಡಿಯಿಲ್ಲದ ವೋಚರುಗಳ ಕಟ್ಟು ಕಂಡರೆ ನಾವು ಮೊದಲು ಅದನ್ನೇ ಬಿಚ್ಚುತ್ತಿದ್ದೆವು. ಆದರೆ ಇಲ್ಲಿ ನಷ್ಟವಾದದ್ದು ಹಣವಲ್ಲ. 2012ರಲ್ಲಿ ಸ್ಕ್ಯಾಂಡಿನೇವಿಯ ಮತ್ತು ಆಸ್ಟ್ರೇಲಿಯ–ನ್ಯೂಜಿಲೆಂಡಿನ ದೊಡ್ಡ ಅಧ್ಯಯನಗಳಲ್ಲಿ ಸ್ಟಾರ್ಚ್ ಪಡೆದ ಐಸಿಯು ರೋಗಿಗಳಿಗೆ ಡಯಾಲಿಸಿಸ್ ಬೇಕಾದದ್ದು ಹೆಚ್ಚು ಎಂದು ಗೊತ್ತಾಯಿತು. 2013ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಬೋಲ್ಟ್ ಅವರದ್ದನ್ನು ಬಿಟ್ಟು ಮತ್ತೆ ಕೂಡಿದಾಗ ಸಾವೂ ಹೆಚ್ಚೆಂದು ಕಂಡಿತು. ಸುಳ್ಳು ಎಂಟ್ರಿಗಳು ನಿಜದ ನಷ್ಟವನ್ನು ಮುಚ್ಚಿಟ್ಟಿದ್ದವು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹೃದಯದ ಮಷೀನ್ ಬಳಸುವ ಆಪರೇಷನ್ನುಗಳಲ್ಲಿ ಹೆಚ್ಚು ರಕ್ತಸ್ರಾವವಾಗುವುದರಿಂದ ಸ್ಟಾರ್ಚ್ ಬೇಡವೆಂದು ಎಚ್ಚರಿಸಿತು. 2022ರಲ್ಲಿ ಯುರೋಪ್ ಅದರ ಮಾರಾಟದ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು.

ಉಳಿದದ್ದು ಆಲ್ಬುಮಿನ್. ಅದು ದಾನಿಗಳ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿದ ಪ್ರೋಟೀನು, ಅದಕ್ಕೇ ಬೆಲೆ. 2004ರಲ್ಲಿ ಸುಮಾರು 7,000 ಐಸಿಯು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸಲೈನಿಗೂ ಅದಕ್ಕೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಹೃದಯದವರಿಗೆ ಬೇರೆಯಿರಬಹುದು, ಆಲ್ಬುಮಿನ್ ಮಷೀನಿನ ಪ್ಲಾಸ್ಟಿಕ್ಕಿಗೆ ಒಳಲೇಪದಂತಾಗಿ ರಕ್ತಕಣಗಳನ್ನು ಕಾಪಾಡುತ್ತದೆ ಎಂಬ ವಾದವಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ 1,386 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಶೇ. 4ರ ಆಲ್ಬುಮಿನ್, ಉಳಿದವರಿಗೆ ಲ್ಯಾಕ್ಟೇಟ್ ಬದಲು ಅಸಿಟೇಟ್ ಇರುವ ರಿಂಗರ್ ದ್ರವ ಕೊಟ್ಟು ನೋಡಿದರು. ಫಲಿತಾಂಶ 2022ರಲ್ಲಿ ಬಂತು. ಮೂರು ತಿಂಗಳೊಳಗೆ ಒಂದಾದರೂ ಗಂಭೀರ ತೊಂದರೆಯಾದವರು ಆಲ್ಬುಮಿನ್ ಗುಂಪಿನಲ್ಲಿ ಶೇ. 37.1, ರಿಂಗರ್ ಗುಂಪಿನಲ್ಲಿ ಶೇ. 33.8. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಅಂತೂ ಲಾಭ ಕಾಣಲಿಲ್ಲ. ರಕ್ತಸ್ರಾವ, ಎದೆಯನ್ನು ಮತ್ತೆ ತೆರೆಯಬೇಕಾಗಿ ಬಂದದ್ದು, ಸೋಂಕು ಆಲ್ಬುಮಿನ್ ಪಡೆದವರಲ್ಲೇ ಹೆಚ್ಚಾಗಿದ್ದವು.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ಅಧ್ಯಯನ ಬರುವುದಕ್ಕೆ ಮುಂಚೆ, ಬೈಪಾಸ್ ಆದ ಸದಸ್ಯರೊಬ್ಬರ ಬಿಲ್ಲಿನಲ್ಲಿ ಆರು ಬಾಟಲಿ ಆಲ್ಬುಮಿನ್ ಇದ್ದದ್ದನ್ನು ಕಂಡು ನಾನು "ಅನಾವಶ್ಯಕ" ಎಂದು ಗೀಟೆಳೆದೆ. ಉಪಸಮಿತಿ ನನ್ನ ಮಾತು ನಂಬಿತು. ಆ ಹಣಕ್ಕೆ ಅವರ ಮನೆಯವರು ಬಳೆ ಅಡವಿಟ್ಟರೆಂದು ಗೊತ್ತಾದದ್ದು ಆರು ತಿಂಗಳ ಮೇಲೆ. ವೈದ್ಯರನ್ನು ಕೇಳಿದಾಗ ಹೇಳಿದರು: ಆ ರಾತ್ರಿ ಆರ್.ಎಲ್. ಆಗಲೇ ಲೀಟರುಗಟ್ಟಲೆ ಹೋಗಿತ್ತು, ಶ್ವಾಸಕೋಶ ಒದ್ದೆಯಾಗಿತ್ತು, ಒತ್ತಡ ನಿಲ್ಲುತ್ತಿರಲಿಲ್ಲ, ಕಡಿಮೆ ಪ್ರಮಾಣದಲ್ಲಿ ಏನಾದರೂ ಕೊಡಬೇಕಿತ್ತು. ಹೆಲ್ಸಿಂಕಿಯ ಸುದ್ದಿ ಬಂದಾಗ ಗೆಳೆಯರೊಬ್ಬರು "ನೋಡಿ, ನೀವು ಗೀಟೆಳೆದದ್ದು ಸರಿಯಾಗಿತ್ತು" ಎಂದರು. ನನಗೆ ಸಮಾಧಾನವಾಗಲಿಲ್ಲ. ಆ ಅಧ್ಯಯನ ಕೇಳಿದ್ದು ಎಲ್ಲರಿಗೂ ವಾಡಿಕೆಯಾಗಿ ಕೊಡಬೇಕೇ ಎಂದು. ಒದ್ದೆಯಾದ ಶ್ವಾಸಕೋಶದ ಈ ಒಬ್ಬ ಮನುಷ್ಯನಿಗೆ ಆ ರಾತ್ರಿ ಏನು ಕೊಡಬೇಕೆಂದು ಅಲ್ಲ. ಅದಿರಲಿ, ಬೇಕಿತ್ತೋ ಬೇಡವಾಗಿತ್ತೋ, ಚೀಟಿ ಬರೆದದ್ದು ಡಾಕ್ಟರು. ನಡುರಾತ್ರಿ ಔಷಧಿ ಅಂಗಡಿಗೆ ಓಡಿದ ಹೆಂಗಸಿಗೆ ಬೇಡವೆನ್ನುವ ಅಧಿಕಾರ ಎಲ್ಲಿತ್ತು? ನಾನು ಗೀಟೆಳೆದದ್ದು ಆಸ್ಪತ್ರೆಯ ಮೇಲಲ್ಲ, ಆಕೆಯ ಮೇಲೆ.

ಈಗ ಕ್ರಮ ಬದಲಿಸಿದ್ದೇವೆ. ಚೀಟಿ ಇದ್ದು ಕೊಂಡ ಔಷಧಿಯ ಹಣವನ್ನು ಕತ್ತರಿಸುವುದಿಲ್ಲ. ಪ್ರಶ್ನೆಗಳನ್ನು ಆಪರೇಷನ್ನಿಗೆ ಮುಂಚೆಯೇ, ಎಸ್ಟಿಮೇಟ್ ಕೈಗೆ ಬಂದಾಗ ಕೇಳುತ್ತೇವೆ: ಮಷೀನಿಗೆ ಯಾವ ದ್ರವ ತುಂಬಿಸುವಿರಿ? ಆಲ್ಬುಮಿನ್ ಎಲ್ಲರಿಗೂ ಬರೆಯುತ್ತೀರೋ, ಕಾರಣವಿದ್ದಾಗ ಮಾತ್ರವೋ? ಹಿಮೋಗ್ಲೋಬಿನ್ ಎಷ್ಟಕ್ಕೆ ಇಳಿದರೆ ರಕ್ತ ಕೊಡುವಿರಿ? ಬಹುತೇಕ ಸರ್ಜನ್ನರು ಎರಡು ಸಾಲಿನಲ್ಲಿ ಉತ್ತರಿಸುತ್ತಾರೆ. ಒಬ್ಬರಂತೂ ಇದನ್ನು ಕೇಳಿದ ಮೊದಲ ಸಂಘ ನಿಮ್ಮದೆಂದು ಚಹಾ ಕುಡಿಸಿದರು.

ಕೊನೆಯ ಪ್ರಶ್ನೆಗೆ ಕಾರಣ, ಈ ಸಂಚಿಕೆಯ ಮನವಿ. ಮುಂಬೈಯ ಹೋಟೆಲೊಂದರಲ್ಲಿ ಅಡಿಗೆ ಕೆಲಸ ಮಾಡುವ ನಮ್ಮ ಸದಸ್ಯರ ಮಗಳು, 19 ವರ್ಷ, ಎರಡನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ, ಬದಲಾಯಿಸಬೇಕು. ಇಂಥವರಿಗೆ ದ್ರವ ಕಡಿಮೆಯಾದರೆ ಹೃದಯ ತುಂಬುವುದಿಲ್ಲ, ಹೆಚ್ಚಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಹುಡುಗಿಯ ತೂಕ 42 ಕಿಲೋ. ಮೈಯಲ್ಲಿರುವ ರಕ್ತ ಸುಮಾರು 2.7 ಲೀಟರ್, ಹಿಮೋಗ್ಲೋಬಿನ್ 9.2. ಮಷೀನಿನ 1.2 ಲೀಟರ್ ಪ್ರೈಮ್ ಬೆರೆತರೆ ಒಟ್ಟು 3.9 ಲೀಟರ್; ಹಿಮೋಗ್ಲೋಬಿನ್ 6.4ಕ್ಕೆ ಇಳಿಯುತ್ತದೆ. ಹೃದಯ ಶಸ್ತ್ರಚಿಕಿತ್ಸೆಯ ಸುಮಾರು 5,000 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 7.5ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟರೂ, 9.5ಕ್ಕೇ ಕೊಟ್ಟಷ್ಟು ಸುರಕ್ಷಿತವೆಂದು ಕಂಡಿದೆ. 6.4 ಅದಕ್ಕೂ ಕೆಳಗೆ. ಅಂದರೆ ಬೇರೆಯವರ ರಕ್ತ ಬೇಕೇ ಬೇಕು.

ಅದೇ ಹಿಮೋಗ್ಲೋಬಿನ್ 11.5 ಆಗಿದ್ದರೆ? ಬೆರೆತ ಮೇಲೆ ಸುಮಾರು 8. ಮಷೀನಿನ ಹೊತ್ತು ರಕ್ತವಿಲ್ಲದೆಯೂ ಕಳೆಯಬಹುದು. ನಮ್ಮ ವೈದ್ಯರು ಈ ಲೆಕ್ಕವನ್ನು ಸರ್ಜನ್ನರ ಮುಂದಿಟ್ಟರು. ಅವರೂ ಇದನ್ನೇ ಯೋಚಿಸಿದ್ದರಂತೆ. ಕಾಯಲು ಅವಕಾಶವಿರುವುದರಿಂದ ಆಪರೇಷನ್ನನ್ನು ಆರು ವಾರ ಮುಂದೆ ಹಾಕಿ ಕಬ್ಬಿಣದ ಇಂಜೆಕ್ಷನ್ ಶುರುಮಾಡಿದ್ದಾರೆ. ಮೊದಲ ಎರಡು ಇಂಜೆಕ್ಷನ್ನುಗಳ ಖರ್ಚನ್ನು ನಿಧಿಯಿಂದ ಕೊಟ್ಟಾಗಿದೆ. ಮೊನ್ನೆಯ ರಿಪೋರ್ಟಿನಲ್ಲಿ 10.1.

ಮುಂಬೈಯ ಧರ್ಮದತ್ತಿ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕೆಂಬ ನಿಯಮವಿದೆ. ತಂದೆಯ ಆದಾಯದ ದಾಖಲೆ ಕೊಟ್ಟು ರಿಯಾಯಿತಿ ಹಾಸಿಗೆ ಮಂಜೂರು ಮಾಡಿಸಿದ್ದೇವೆ. ಅದಾದ ಮೇಲೂ ಕವಾಟ, ಐಸಿಯು, ಔಷಧಿ ಸೇರಿ ಎಸ್ಟಿಮೇಟ್ 2 ಲಕ್ಷ 40 ಸಾವಿರ. ಮನೆಯವರು 70 ಸಾವಿರ ಹೊಂದಿಸಿದ್ದಾರೆ, ನಿಧಿಯಿಂದ 80 ಸಾವಿರ ಮಂಜೂರಾಗಿದೆ. 90 ಸಾವಿರ ಕೊರತೆಯಿದೆ. ಎಸ್ಟಿಮೇಟಿನಲ್ಲಿ ಆಲ್ಬುಮಿನ್ ಇಲ್ಲ. ಆ ರಾತ್ರಿ ಬೇಕೆಂದು ಚೀಟಿ ಬಂದರೆ ಕೊಡಲು ಈ 90 ಸಾವಿರದಲ್ಲೇ 15 ಸಾವಿರ ಎತ್ತಿಡಲು ಉಪಸಮಿತಿ ತೀರ್ಮಾನಿಸಿದೆ. ಬಳಕೆಯಾಗದಿದ್ದರೆ ಅದು ನಿಧಿಗೆ ಮರಳಿ ಜಮಾ ಆಗುತ್ತದೆ, ಮುಂದಿನ ಸಂಚಿಕೆಯ ಲೆಕ್ಕದಲ್ಲಿ ಬೇರೆಯೇ ಸಾಲಾಗಿ ಕಾಣುತ್ತದೆ.

ಆಪರೇಷನ್ನಿನ ನಂತರ ರಕ್ತ ಬೇಕಾಗಬಹುದು. ಹುಡುಗಿಯದು ಬಿ ಪಾಸಿಟಿವ್. ಆ ಗುಂಪಿನ ನಾಲ್ವರು ದಾನಿಗಳ ಹೆಸರು ಬೇಕಾಗಿತ್ತು, ಮೂವರು ಸಿಕ್ಕಿದ್ದಾರೆ. ಚೆಕ್ಕುಗಳನ್ನು ಸಂಘದ ಹೆಸರಿಗೆ ಬರೆದು ಹಿಂಬದಿಯಲ್ಲಿ ‘ವೈದ್ಯಕೀಯ ನೆರವು’ ಎಂದು ನಮೂದಿಸಿ. ಬಿಲ್ಲುಗಳನ್ನು ನೋಡಬೇಕೆನ್ನುವವರು ಶನಿವಾರ ಸಂಜೆ ಕಚೇರಿಗೆ ಬನ್ನಿ, ಫೈಲು ಮೇಜಿನ ಮೇಲಿರುತ್ತದೆ. ಫೋನ್ ಮಾಡಿದ ಆ ಹಿರಿಯರು ಈ ಶನಿವಾರ ಬರುವುದಾಗಿ ಹೇಳಿದ್ದಾರೆ.